ಸಂತ ಗೊನ್ಸಾಲೊ ಗಾರ್ಸಿಯಾ: ಸಮುರಾಯಿಗಳ ನಾಡಿನಲ್ಲಿ ವಸಯಿಯ ದುಭಾಷಿ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಸಂತರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನಾವು ಸಂತ ಅಂತೋನಿಯವರನ್ನೋ ಸಂತ ಫ್ರಾನ್ಸಿಸ್ ಝೇವಿಯರರನ್ನೋ ಆರಿಸಿಕೊಳ್ಳುವೆವೆಂದು ಅವರು ಎಣಿಸಿದ್ದಿರಬೇಕು. ನಾವು ಜಪಾನ್ ದೇಶದ ಮಾತೆತ್ತಿದೊಡನೆ ಅವರ ಮುಖಗಳಲ್ಲಿ ಸ್ವಲ್ಪ ಗೊಂದಲ ಕಾಣಿಸಿಕೊಂಡಿತು. ಖಾಸಬಾಗಕ್ಕೂ ಜಪಾನಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವೇ. ಆದರೆ ಧರ್ಮೋಪದೇಶದ ತರಗತಿಯಲ್ಲಿ ಭಾರತದ ಮೊದಲ ಸಂತರು ಯಾರೆಂದು ಕೇಳಿದಾಗ ಮಕ್ಕಳೆಲ್ಲ ಒಕ್ಕೊರಲಿನಿಂದ ಸಂತ ಅಲ್ಫೋನ್ಸಾರವರ ಹೆಸರನ್ನು ಹೇಳುತ್ತಾರೆ. ೨೦೦೮ರಲ್ಲಿ ಸಂತಪದವಿಗೇರಿದ ಆ ಪುಣ್ಯಮಾತೆ ಭಾರತದ ಪ್ರಥಮ ಮಹಿಳಾ ಸಂತರು ಎಂಬುದು ನಿಜ. ಆದರೆ ಅದಕ್ಕೆ ೧೪೬ ವರ್ಷಗಳಷ್ಟು ಮುಂಚೆಯೇ, ೧೮೬೨ರಲ್ಲಿ, ಭಾರತದ ನೆಲದಲ್ಲಿ ಹುಟ್ಟಿದ ಒಬ್ಬ ಸಹೋದರರ ಹೆಸರು ರೋಮ್ ನಗರದಲ್ಲಿ ಸಂತರ ಸಾಲಿಗೆ ಸೇರಿತ್ತು. ಅವರೇ ಸಂತ ಗೊನ್ಸಾಲೊ ಗಾರ್ಸಿಯಾ. ಅವರು ಹುಟ್ಟಿದ್ದು ಮುಂಬಯಿಯ ಬಡಗಣಕ್ಕಿರುವ ವಸಯಿಯಲ್ಲಿ. ರಕ್ತ ಚೆಲ್ಲಿದ್ದು ಜಪಾನಿನ ನಾಗಸಾಕಿಯಲ್ಲಿ.

ವಸಯಿಯು ೧೫೩೪ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ ಶಹನಿಂದ ಪೋರ್ತುಗೀಸರ ಕೈಗೆ ಬಂದಿತು. ಅಲ್ಲಿ ಕೋಟೆ ಎದ್ದಿತು, ಕೋಟೆಯೊಳಗೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠವೂ ಯೇಸುಸಭೆಯವರ ವಿದ್ಯಾಲಯವೂ ಎದ್ದವು. ಸಂತ ಫ್ರಾನ್ಸಿಸ್ ಝೇವಿಯರರೂ ಆ ಊರಿಗೆ ಹೋಗಿ ಬಂದವರೇ. ೧೫೫೬ರ ಸುಮಾರಿಗೆ ಗೊನ್ಸಾಲೊ ಇಲ್ಲಿ ಜನಿಸಿದರು. ತಂದೆ ಪೋರ್ತುಗೀಸ್ ಸಿಪಾಯಿ. ತಾಯಿ ಅದೇ ನಾಡಿನ ಹೆಣ್ಣುಮಗಳು. ಜಪಾನಿನಲ್ಲಿ ಅವರ ಜೊತೆಗಾರರಾಗಿದ್ದು, ಮುಂದೆ ಅವರ ಚರಿತ್ರೆಯನ್ನು ಬರೆದ ಫ್ರಾನ್ಸಿಸ್ಕನ್ ಗುರು ಮಾರ್ಸೆಲೊ ದೆ ರಿಬದೆನೇರಾ ಅವರು ಆ ತಾಯಿಯನ್ನು ಕನರೀಂ ಜನದವಳೆಂದು ಗುರುತಿಸಿದ್ದಾರೆ. ನಮ್ಮ ಕನ್ನಡನಾಡಿನ ಹೆಸರಿನಿಂದಲೇ ಹುಟ್ಟಿದ ಈ ಮಾತನ್ನು ಪೋರ್ತುಗೀಸರು ಗೋವೆ, ಕೊಂಕಣಗಳ ಮೂಲ ನಿವಾಸಿಗಳೆಲ್ಲರಿಗೂ ಹಚ್ಚಿಬಿಟ್ಟಿದ್ದರು. ಆದ್ದರಿಂದ ಆ ತಾಯಿ ಕನ್ನಡಿತಿ ಎಂದು ಹೆಮ್ಮೆಪಡಲು ನಮಗೆ ಆಧಾರವಿಲ್ಲ. ಆದರೂ ಸಂತರ ಚರಿತ್ರೆಯ ಮೊದಲ ಪುಟದಲ್ಲಿಯೇ ನಮ್ಮ ಹೆಸರಿನ ನೆರಳು ಬಿದ್ದಿರುವುದನ್ನು ಕಂಡು ನಮಗೆ ಸಂತೋಷವಾಗದೆ ಇರಲಿಲ್ಲ. ೧೫೬೫ರಲ್ಲಿ ರಕ್ಕಸತಂಗಡಿಯ ಯುದ್ಧ ನಡೆದು ವಿಜಯನಗರ ಬಿದ್ದಾಗ ಈ ಬಾಲಕನಿಗೆ ಸುಮಾರು ಒಂಬತ್ತು ವರ್ಷ. ಆಗ ನಮ್ಮ ಬೆಳಗಾವಿ ಬಿಜಾಪುರದ ಆದಿಲಶಾಹಿಯ ಆಳ್ವಿಕೆಯಲ್ಲಿತ್ತು.

ಗೊನ್ಸಾಲೊ ಯೇಸುಸಭೆಯ ಗುರುಗಳ ಬಳಿ ಓದು ಬರಹ ಕಲಿತರು. ಹದಿನೈದು ಹದಿನಾರರ ವಯಸ್ಸಿನಲ್ಲಿ, ೧೫೭೨ರ ಸುಮಾರಿಗೆ, ಅವರೊಡನೆಯೇ ಹಡಗನ್ನೇರಿ ಜಪಾನಿಗೆ ಹೊರಟರು. ಗೋವೆ, ಮಲಾಕಾ, ಮಕಾವ್‌ಗಳನ್ನು ಹಾಯ್ದು ತಿಂಗಳುಗಟ್ಟಲೆ ಸಾಗಬೇಕಾದ ದಾರಿ ಅದು.

ಈ ಹುಡುಗನು ಕಾಲಿಟ್ಟ ನಾಡು ಎಂಥದೆಂಬುದನ್ನು ಇಲ್ಲಿ ಸ್ವಲ್ಪ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗದು. ಜಪಾನಿನ ದ್ವೀಪಗಳಲ್ಲಿ ಜನವಸತಿ ಬಹು ಪುರಾತನವಾದುದು. ಬೇಟೆ, ಮೀನುಗಾರಿಕೆಗಳಿಂದ ಬಾಳುತ್ತಿದ್ದ ಅಲ್ಲಿಯ ಆದಿಜನರು ಹಸಿಮಣ್ಣಿನ ಮೇಲೆ ಹುರಿಯನ್ನೊತ್ತಿ ಚಿತ್ತಾರ ಮೂಡಿಸಿದ ಮಡಕೆಗಳನ್ನು ಸುಡುತ್ತಿದ್ದರು. ಆ ಮಡಕೆಗಳಿಂದಲೇ ಆ ಯುಗಕ್ಕೆ ಜೋಮೊನ್ ಎಂಬ ಹೆಸರು ಬಂದಿದೆ. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಭತ್ತದ ಗದ್ದೆ, ಕಂಚು, ಕಬ್ಬಿಣಗಳು ಹರಡಿದವು. ಆರನೆಯ ಶತಮಾನದಲ್ಲಿ ಭಾರತದ ಬುದ್ಧನ ಧರ್ಮ ಕೊರಿಯಾದ ದಾರಿಯಾಗಿ ಅಲ್ಲಿಗೆ ತಲುಪಿತು. ೭೧೦ರಲ್ಲಿ ನಾರಾ, ೭೯೪ರಲ್ಲಿ ಇಂದಿನ ಕ್ಯೋಟೋ ರಾಜಧಾನಿಗಳಾದವು. ಚಕ್ರವರ್ತಿಯು ಅರಮನೆಯಲ್ಲಿ ಪೂಜ್ಯನಾಗಿ ಉಳಿದನಾದರೂ ಅಧಿಕಾರ ಮೆಲ್ಲಮೆಲ್ಲನೆ ಖಡ್ಗಧಾರಿಗಳ ಕೈಸೇರಿತು. ೧೧೯೨ರಲ್ಲಿ ಮಿನಮೋಟೊ ಯೊರಿಟೊಮೊ ಶೋಗುನ್ ಎಂಬ ಸೇನಾಧಿಪತ್ಯವನ್ನು ಪಡೆದಂದಿನಿಂದ ಸಮುರಾಯಿಗಳೆಂಬ ಯೋಧರ ವರ್ಗವೇ ನಾಡನ್ನಾಳಿತು. ಒಡೆಯನಿಗಾಗಿ ಪ್ರಾಣ ಕೊಡುವುದು, ಅಪಮಾನಕ್ಕಿಂತ ಮರಣವನ್ನು ಆರಿಸಿಕೊಳ್ಳುವುದು ಅವರ ಕುಲಧರ್ಮ. ೧೪೬೭ರಲ್ಲಿ ಕ್ಯೋಟೋದ ಬೀದಿಗಳಲ್ಲೇ ಹೊತ್ತಿಕೊಂಡ ಅಂತರ್ಯುದ್ಧ ನೂರು ವರ್ಷಗಳಿಗೂ ಮಿಕ್ಕಿ ಆರಲಿಲ್ಲ. ಒಂದೊಂದು ಸೀಮೆಗೂ ಒಬ್ಬೊಬ್ಬ ಪಾಳೆಯಗಾರ ಎದ್ದನು. ೧೫೪೩ರಲ್ಲಿ ಪೋರ್ತುಗೀಸರು ಅವರಿಗೆ ಬಂದೂಕನ್ನು ತೋರಿಸಿಕೊಟ್ಟರು. ಆರು ವರ್ಷಗಳ ನಂತರ, ೧೫೪೯ರ ಆಗಸ್ಟ್ ೧೫ರ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದಂದು, ಸಂತ ಫ್ರಾನ್ಸಿಸ್ ಝೇವಿಯರರು ಕಾಗೋಶಿಮಾದಲ್ಲಿ ಇಳಿದರು. ಅವರಿಗೆ ದಾರಿ ತೋರಿಸಿದ ಆಂಜಿರೊ ಎಂಬ ಜಪಾನೀಯನು ಹಿಂದಿನ ವರ್ಷವೇ ನಮ್ಮ ನೆರೆಯ ಗೋವೆಯಲ್ಲಿ ಜ್ಞಾನಸ್ನಾನ ಪಡೆದಿದ್ದನೆಂಬುದನ್ನು ಓದುಗರು ಗಮನಿಸಬೇಕು. ಪ್ರತಿವರ್ಷ ಡಿಸೆಂಬರಿನಲ್ಲಿ ಹಳೆಯ ಗೋವೆಗೆ ಹೋಗಿಬರುವ ನಮ್ಮವರು ಕಾಲಿಡುವ ಅದೇ ಊರಿನಲ್ಲಿ, ೧೫೪೮ರ ಪವಿತ್ರಾತ್ಮರ ಹಬ್ಬದಂದು, ಜಪಾನಿನ ಮೊದಲ ಕ್ರೈಸ್ತರು ಧರ್ಮಸಭೆಯನ್ನು ಸೇರಿದರು.

ಗೊನ್ಸಾಲೊ ಜಪಾನೀ ಭಾಷೆಯನ್ನು ಬೇಗನೆ ಕಲಿತರು. ಒಡೆಯನೊಡನೆ ಆಡುವ ಮಾತು ಬೇರೆ, ಸರೀಕನೊಡನೆ ಆಡುವುದು ಬೇರೆ, ಕೆಳಗಿನವನೊಡನೆ ಆಡುವುದು ಬೇರೆ ಎಂಬಂಥ ಭಾಷೆ ಅದು. ನಡುವಯಸ್ಸಿನಲ್ಲಿ ಬಂದ ಎಷ್ಟೋ ಪಂಡಿತ ಗುರುಗಳು ವರ್ಷಗಟ್ಟಲೆ ತಿಣುಕಿದರೂ ಅವರ ನಾಲಿಗೆ ಅದಕ್ಕೆ ಬಾಗಲಿಲ್ಲ. ವಸಯಿಯ ಹುಡುಗನಿಗಾದರೋ ಮನೆಯಲ್ಲೇ ಎರಡು ಭಾಷೆಗಳಿದ್ದವು. ಸುಮಾರು ಎಂಟು ವರ್ಷಗಳ ಕಾಲ ಅವರು ಯೇಸುಸಭೆಯವರ ಬಳಿ ಉಪದೇಶಿಯಾಗಿ ದುಡಿದರು. ಮಕ್ಕಳಿಗೆ ಜಪ ಕಲಿಸಿದರು, ಗುರುಗಳ ಪ್ರಸಂಗಗಳನ್ನು ಜನರಿಗೆ ತಿಳಿಯುವಂತೆ ಹೇಳಿದರು. ಆ ಸಭೆಯ ಸದಸ್ಯನಾಗಬೇಕೆಂಬುದು ಅವರ ಹಂಬಲವಾಗಿತ್ತು.

ಆ ಬಾಗಿಲು ತೆರೆಯಲಿಲ್ಲ. ಭಾರತದಲ್ಲಿ ಹುಟ್ಟಿದವರನ್ನೂ ಮಿಶ್ರರಕ್ತದವರನ್ನೂ ಸಭೆಗೆ ಸೇರಿಸಿಕೊಳ್ಳಬಾರದೆಂಬ ಅಭಿಪ್ರಾಯ ಆ ಕಾಲದ ಮುಖ್ಯಸ್ಥರಲ್ಲಿ ಬಲವಾಗಿತ್ತು. ಜಪಾನೀಯರ ವಿಷಯದಲ್ಲಿ ಉದಾರಿಗಳಾಗಿದ್ದ, ದೂರದೃಷ್ಟಿಯ ವಲಿಗ್ನಾನೊ ಅವರಂಥ ಮಹಾಶಯರೂ ಭಾರತೀಯರ ವಿಷಯದಲ್ಲಿ ಹೀಗೆಯೇ ಎಣಿಸಿದ್ದರು. ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯನ್ನು ಓದುವಾಗ ಇಂಥ ಪುಟಗಳನ್ನು ನಾವೆಲ್ಲ ಬೇಗ ಬೇಗನೆ ಮಗುಚಿಹಾಕಿದ್ದುಂಟು. ಈಗ ವಯಸ್ಸಾದ ಮೇಲೆ, ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಸರಿಯೆಂದು ತೋರುತ್ತದೆ. ಎಂಟು ವರ್ಷ ನಿಷ್ಠೆಯಿಂದ ದುಡಿದವನಿಗೆ ಒಳಮನೆಯಲ್ಲಿ ಸ್ಥಳವಿಲ್ಲವಾಯಿತು. ಹುಟ್ಟಿನ ಮಾತೆತ್ತಿ ಬಾಗಿಲು ಮುಚ್ಚುವ ಪದ್ಧತಿ ಪೋರ್ತುಗೀಸರೊಬ್ಬರದೇ ಆಗಿರಲಿಲ್ಲ ಎಂಬುದನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗೊನ್ಸಾಲೊ ಯಾರ ಮೇಲೂ ದೂರು ಹೇಳಿಕೊಂಡು ತಿರುಗಲಿಲ್ಲ. ವ್ಯಾಪಾರಕ್ಕಿಳಿದರು. ಆಗ ಮಕಾವ್‌ನಿಂದ ನಾಗಸಾಕಿಗೆ ವರ್ಷಕ್ಕೊಮ್ಮೆ ಪೋರ್ತುಗೀಸರ ದೊಡ್ಡ ಹಡಗು ಹೋಗುತ್ತಿತ್ತು. ಅದರ ಮುಖ್ಯ ಸರಕು ಚೀನದ ರೇಷ್ಮೆ. ಹಿಂದಿರುಗುವಾಗ ಜಪಾನಿನ ಬೆಳ್ಳಿ. ಹತ್ತಿ ರೇಷ್ಮೆಗಳ ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ನಮ್ಮ ಖಾಸಬಾಗ, ವಡಗಾವಿ, ಶಹಾಪುರಗಳ ಜನರಿಗೆ ರೇಷ್ಮೆ ನೂಲಿನ ಧಾರಣೆ ಒಂದಿಷ್ಟು ಏರಿಳಿದರೆ ಎಷ್ಟು ಮನೆಗಳ ಒಲೆಗೆ ಅದರ ಬಿಸಿ ತಟ್ಟುವುದೆಂದು ಗೊತ್ತು. ಅಂಥ ನೂಲಿನ ವ್ಯಾಪಾರವೇ ಆ ಸಮುದ್ರದ ಜೀವಾಳವಾಗಿತ್ತು. ಭಾಷೆ ಬಲ್ಲ, ಜನರ ನಂಬಿಕೆ ಗಳಿಸಿದ್ದ ಗೊನ್ಸಾಲೊರವರ ವಹಿವಾಟು ಬೇಗನೆ ಕುದುರಿ ಬೇರೆ ಬೇರೆ ಬಂದರುಗಳಿಗೂ ಹಬ್ಬಿತು. ಹಣ ಕೂಡಿತು. ಮನಸ್ಸು ಮಾತ್ರ ಅಂಗಡಿಯಲ್ಲಿ ನಿಲ್ಲಲಿಲ್ಲ.

ವ್ಯಾಪಾರದ ನಿಮಿತ್ತ ಫಿಲಿಪ್ಪೀನ್ಸಿನ ಮನಿಲಾಕ್ಕೆ ಹೋಗಿಬರುತ್ತಿದ್ದಾಗ ಅವರಿಗೆ ಅಲ್ಲಿಯ ಸ್ಪ್ಯಾನಿಷ್ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪರಿಚಯವಾಯಿತು. ಬರಿಗಾಲು, ಒರಟು ನಿಲುವಂಗಿ, ಕುಷ್ಠರೋಗಿಗಳ ಸೇವೆ. ಇದನ್ನು ಕಂಡ ವ್ಯಾಪಾರಿಯು ತನ್ನ ವಹಿವಾಟನ್ನು ತೊರೆದು ಅವರ ಮಠದ ಬಾಗಿಲು ತಟ್ಟಿದನು. ಈ ಬಾಗಿಲು ತೆರೆಯಿತು. ಗುರುಪಟ್ಟವಿಲ್ಲದ ಸಹೋದರರಾಗಿ ಅವರು ಸಂತ ಅಸ್ಸಿಸಿಯ ಫ್ರಾನ್ಸಿಸರ ಸಭೆಯನ್ನು ಸೇರಿದರು. ಬಲಿಪೂಜೆಯನ್ನರ್ಪಿಸುವ, ಪಾಪನಿವೇದನೆ ಕೇಳುವ ಅಧಿಕಾರ ಅವರಿಗೆ ಕೊನೆಯವರೆಗೂ ಬರಲಿಲ್ಲ. ಅವರು ಅದನ್ನು ಬಯಸಿದಂತೆಯೂ ಕಾಣುವುದಿಲ್ಲ.

ಅಷ್ಟರಲ್ಲಿ ಜಪಾನಿನ ಗಾಳಿ ಬದಲಾಗಿತ್ತು. ಅಂತರ್ಯುದ್ಧವನ್ನು ಅಡಗಿಸುತ್ತ ಬಂದಿದ್ದ ಓದಾ ನೊಬುನಾಗ ೧೫೮೨ರಲ್ಲಿ ತನ್ನ ಸರದಾರನ ದ್ರೋಹಕ್ಕೆ ಬಲಿಯಾದನು. ಅವನ ಸ್ಥಾನಕ್ಕೇರಿದ ಟೊಯೊಟೊಮಿ ಹಿದೆಯೋಶಿ ಬಡ ಮನೆತನದಲ್ಲಿ ಹುಟ್ಟಿ, ಕಾಲಾಳಾಗಿ ಸೇರಿ, ಬುದ್ಧಿಬಲದಿಂದಲೇ ಮೇಲೆ ಬಂದ ಪುರುಷ. ೧೫೮೭ರಲ್ಲಿ ಅವನು ಕ್ರೈಸ್ತ ಗುರುಗಳು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದನು. ಆದರೆ ಪೋರ್ತುಗೀಸರ ವ್ಯಾಪಾರ ಬೇಕಾಗಿದ್ದುದರಿಂದ ಅದನ್ನು ಬಿಗಿಯಾಗಿ ನಡೆಸಲಿಲ್ಲ. ವಿಶ್ವಾಸವನ್ನು ಬಿಡಲೊಲ್ಲದ ತಕಯಾಮಾ ಉಕೊನ್ ಎಂಬ ಹೆಸರಾಂತ ಸಮುರಾಯಿ ತನ್ನ ಸೀಮೆಯನ್ನೇ ಬಿಟ್ಟುಕೊಟ್ಟನು. ಮುಂದೆ ದೇಶಭ್ರಷ್ಟನಾಗಿ ೧೬೧೫ರಲ್ಲಿ ಮನಿಲಾದಲ್ಲಿ ಮಡಿದ ಆ ಮಹನೀಯನನ್ನು ಧರ್ಮಸಭೆ ೨೦೧೭ರಲ್ಲಿ ಪುನೀತರೆಂದು ಸಾರಿತು. ೧೫೯೦ರ ಹೊತ್ತಿಗೆ ಇಡೀ ಜಪಾನ್ ಹಿದೆಯೋಶಿಯ ಮುಷ್ಟಿಯಲ್ಲಿತ್ತು. ಅವನ ಕಣ್ಣು ಕೊರಿಯಾದ ಮೇಲೆ ಬಿತ್ತು, ಫಿಲಿಪ್ಪೀನ್ಸಿನ ಮೇಲೂ ಬಿತ್ತು. ತನಗೆ ಶರಣಾಗಬೇಕೆಂದು ಮನಿಲಾಕ್ಕೆ ಪತ್ರ ಬರೆಸಿದನು.

ಮನಿಲಾದ ರಾಜ್ಯಪಾಲನಿಗೆ ಸೈನ್ಯಬಲ ಸಾಲದು; ಕಾಲ ತಳ್ಳಬೇಕು. ಮೊದಲು ಹೋದ ರಾಯಭಾರಿ, ದೊಮಿನಿಕನ್ ಗುರು ಹುವಾನ್ ಕೋಬೊ, ಹಿಂದಿರುಗುವಾಗ ಸಮುದ್ರದ ಪಾಲಾದರು. ೧೫೯೩ರಲ್ಲಿ ಎರಡನೆಯ ರಾಯಭಾರವನ್ನು ಫ್ರಾನ್ಸಿಸ್ಕನ್ ಗುರು ಪೇತ್ರ ಬಾಪ್ತಿಸ್ತ ಅವರಿಗೆ ಒಪ್ಪಿಸಲಾಯಿತು. ಅವರು ವಿದ್ವಾಂಸರು, ಅನುಭವಸ್ಥರು; ಆದರೆ ಜಪಾನೀ ಭಾಷೆ ಅವರಿಗೆ ಬಾರದು. ಆಗ ಎಲ್ಲರಿಗೂ ಸಹೋದರ ಗೊನ್ಸಾಲೊ ನೆನಪಾದರು. ನಾಲ್ವರು ಸನ್ಯಾಸಿಗಳು ಹೊರಟರು. ಕೊರಿಯಾದ ಯುದ್ಧವನ್ನು ನಡೆಸಲು ಕ್ಯೂಶೂ ದ್ವೀಪದ ನಗೋಯಾ ಕೋಟೆಯಲ್ಲಿ ಬೀಡುಬಿಟ್ಟಿದ್ದ ಹಿದೆಯೋಶಿಯ ಸಮ್ಮುಖದಲ್ಲಿ ಅವರು ನಿಂತರು.

ಆ ದರ್ಬಾರನ್ನು ನಾವು ಆಗಾಗ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತೇವೆ. ಸುತ್ತಲೂ ಎರಡೆರಡು ಖಡ್ಗಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಸರದಾರರು. ನಡುವೆ ಹರಕು ನಿಲುವಂಗಿಯ ಬರಿಗಾಲಿನ ಸನ್ಯಾಸಿಗಳು. ಶರಣಾಗಿರೆಂದು ಒಡೆಯನು ಗರ್ಜಿಸಿದಾಗ, ತಾವು ಮೊದಲು ದೇವರಿಗೆ, ಅನಂತರ ತಮ್ಮ ಅರಸನಿಗೆ ವಿಧೇಯರು ಎಂಬ ಅರ್ಥದ ಉತ್ತರ ಗುರು ಪೇತ್ರರಿಂದ ಬಂದಿತು. ಅದನ್ನು ಜಪಾನೀ ಭಾಷೆಯಲ್ಲಿ ಆಡಬೇಕಾದ ನಾಲಿಗೆ ಮಾತ್ರ ಗೊನ್ಸಾಲೊರವರದು. ದುಭಾಷಿಯ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ಬೆಳಗಾವಿಯವರು ಬಲ್ಲರು. ಒಂದೇ ಬಾಕಿನ ಮೇಲೆ ಕನ್ನಡ, ಮರಾಠಿ, ಕೊಂಕಣಿ, ತಮಿಳು ಮಾತಾಡುವವರು ಕೂರುವ ಊರು ನಮ್ಮದು. ಯಾವ ಭಾಷೆಯ ಬಲಿಪೂಜೆ ಎಷ್ಟು ಗಂಟೆಗೆ ಎಂಬ ತಕರಾರು ವಿಚಾರಣೆ ಗುರುಗಳ ಕೋಣೆಯವರೆಗೂ ಬರುವುದುಂಟು, ಬಂದಾಗ ನಾವು ಚಹಾ ತರಿಸಿ ಕಾಲ ಕಳೆದದ್ದೂ ಉಂಟು. ಒಂದು ಮಾತು ಹೆಚ್ಚು ಕಡಿಮೆಯಾದರೆ ಇಲ್ಲಿ ಮುಖ ಊದಿಕೊಳ್ಳಬಹುದು. ಅಲ್ಲಿ ತಲೆ ಉರುಳುತ್ತಿತ್ತು. ಗೊನ್ಸಾಲೊ ಅರ್ಥವನ್ನು ಮರೆಮಾಚಲಿಲ್ಲ, ಒಡೆಯನಿಗೆ ಸಲ್ಲಬೇಕಾದ ಮರ್ಯಾದೆಯನ್ನೂ ಬಿಡಲಿಲ್ಲ. ಹಿದೆಯೋಶಿಯ ಸಿಟ್ಟು ಇಳಿಯಿತು. ರಾಜಧಾನಿಯಲ್ಲಿ ನೆಲೆಸಲು ಅಪ್ಪಣೆ ಸಿಕ್ಕಿತು, ನಿವೇಶನವೂ ದೊರೆಯಿತು.

ಆಗ ಮಿಯಾಕೊ ಎಂದು ಕರೆಯುತ್ತಿದ್ದ ಕ್ಯೋಟೋದಲ್ಲಿ ದೇವದೂತರ ರಾಣಿಯ ಹೆಸರಿನ ಚಿಕ್ಕ ದೇವಾಲಯ ಎದ್ದಿತು. ೧೫೯೪ರ ಅಕ್ಟೋಬರ್ ೪ರಂದು, ಸಂತ ಅಸ್ಸಿಸಿಯ ಫ್ರಾನ್ಸಿಸರ ಹಬ್ಬದ ದಿನ, ಅಲ್ಲಿ ಬಲಿಪೂಜೆ ಅರ್ಪಿತವಾಯಿತು. ಅದರ ಮಗ್ಗುಲಲ್ಲಿಯೇ ಸಂತ ಅನ್ನಮ್ಮ ಹಾಗೂ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳಿಗೆ ಎರಡು ಆಸ್ಪತ್ರೆಗಳಾದವು. ಖಡ್ಗದ ಕೀರ್ತಿಯನ್ನೇ ಹಾಡುತ್ತಿದ್ದ ನಾಡಿನಲ್ಲಿ, ಮನೆಯವರೇ ಹೊರಹಾಕಿದ ರೋಗಿಗಳ ಹುಣ್ಣು ತೊಳೆಯುವ ಜನರನ್ನು ಕಂಡು ನೆರೆಹೊರೆಯವರು ಬೆರಗಾದರು. ಗೊನ್ಸಾಲೊ ಅವರಿಗೆ ಬಿಡುವೇ ಇರಲಿಲ್ಲ. ಅಧಿಕಾರಿಗಳ ಮನೆಗೆ ಅವರೇ ಹೋಗಬೇಕು, ರೋಗಿಗಳ ಅಳಲನ್ನು ಅವರೇ ಕೇಳಬೇಕು, ಹೊಸದಾಗಿ ಬಂದ ಗುರುಗಳಿಗೆ ಭಾಷೆಯನ್ನು ಅವರೇ ಕಲಿಸಬೇಕು. ಇನ್ನೊಂದು ಕಡೆ ಅವರ ಹಳೆಯ ಯಜಮಾನರಾದ ಯೇಸುಸಭೆಯವರು ಅಸಮಾಧಾನಗೊಂಡಿದ್ದರು. ಜಪಾನಿನ ಸೇವೆಯನ್ನು ಜಗದ್ಗುರುಗಳು ೧೫೮೫ರಲ್ಲಿ ತಮಗೊಬ್ಬರಿಗೇ ವಹಿಸಿದ್ದಾರೆಂಬುದು ಅವರ ವಾದ. ಇಷ್ಟು ಬಹಿರಂಗವಾಗಿ ಬೋಧಿಸಿದರೆ ೧೫೮೭ರ ಆಜ್ಞೆ ಮತ್ತೆ ಜೀವ ತಳೆದೀತೆಂಬುದು ಅವರ ಭಯ. ಆ ಭಯ ಸುಳ್ಳಾಗಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

೧೫೯೬ರ ಅಕ್ಟೋಬರಿನಲ್ಲಿ ಮನಿಲಾದಿಂದ ಮೆಕ್ಸಿಕೊ ದೇಶಕ್ಕೆ ಹೊರಟಿದ್ದ ಸಾನ್ ಫೆಲಿಪೆ ಎಂಬ ಸ್ಪ್ಯಾನಿಷ್ ಹಡಗು ಬಿರುಗಾಳಿಗೆ ಸಿಕ್ಕಿ ಶಿಕೋಕು ದ್ವೀಪದ ಟೋಸಾ ಕರಾವಳಿಯಲ್ಲಿ ಒಡೆಯಿತು. ಅಪಾರ ಬೆಲೆಯ ಸರಕನ್ನು ಹಿದೆಯೋಶಿ ಜಪ್ತಿ ಮಾಡಿಸಿದನು. ಸ್ಪೇನಿನ ಅರಸನು ಮೊದಲು ಸನ್ಯಾಸಿಗಳನ್ನು, ಅನಂತರ ಸೈನಿಕರನ್ನು ಕಳುಹಿಸಿ ರಾಜ್ಯಗಳನ್ನು ಗೆಲ್ಲುವನೆಂದು ಹಡಗಿನ ಚುಕ್ಕಾಣಿಗನು ಜಂಬ ಕೊಚ್ಚಿದನೆಂದು ಒಂದು ಕಡೆಯವರು ಹೇಳಿದರು. ಅದು ಕಟ್ಟುಕಥೆ ಎಂದು ಇನ್ನೊಂದು ಕಡೆಯವರು ಅಲ್ಲಗಳೆದರು. ಹೇಗಾದರಾಗಲಿ, ಡಿಸೆಂಬರ್ ೮ರಂದು ಮಿಯಾಕೊದ ಮಠಕ್ಕೆ ಕಾವಲು ಬಿದ್ದಿತು. ಕೆಲವು ದಿನಗಳ ಮೇಲೆ ಸಂಧ್ಯಾಪ್ರಾರ್ಥನೆ ಹಾಡುತ್ತಿದ್ದ ಸನ್ಯಾಸಿಗಳನ್ನು ಹಿಂಗೈ ಕಟ್ಟಿ ಸೆರೆಮನೆಗೆ ಒಯ್ದರು.

ಸೆರೆಯಾದವರು ೨೪ ಮಂದಿ. ಅವರಲ್ಲಿ ಯೇಸುಸಭೆಗೆ ಸೇರಿದವರು ಮೂವರು ಜಪಾನೀಯರು. ಸಮುರಾಯಿ ಮನೆತನದಲ್ಲಿ ಹುಟ್ಟಿ ಶ್ರೇಷ್ಠ ಬೋಧಕರೆನಿಸಿದ್ದ ಪೌಲ್ ಮಿಕಿ ಅವರಲ್ಲೊಬ್ಬರು. ಫ್ರಾನ್ಸಿಸ್ಕನರು ಆರು ಮಂದಿ. ಉಳಿದವರು ಜಪಾನೀ ಗೃಹಸ್ಥರು, ಆಸ್ಪತ್ರೆಯ ಸೇವಕರು, ಉಪದೇಶಿಗಳು. ಹನ್ನೆರಡು ವರ್ಷದ ಲೂಯಿಸ್ ಇಬರಾಕಿ, ಹದಿಮೂರರ ಅಂತೋನಿ, ಹದಿನಾಲ್ಕರ ತೋಮಾಸ್ ಕೊಜಾಕಿ ಎಂಬ ಮೂವರು ಬಾಲಕರೂ ಇದ್ದರು. ತೋಮಾಸನ ತಂದೆಯೂ ಅವನ ಪಕ್ಕದಲ್ಲಿಯೇ ಇದ್ದರು. ೧೫೯೭ರ ಜನವರಿ ೩ರಂದು ಕ್ಯೋಟೋದಲ್ಲಿ ಪ್ರತಿಯೊಬ್ಬರ ಎಡಗಿವಿಯ ತುದಿಯನ್ನು ಕೊಯ್ದು, ಬಂಡಿಗಳಲ್ಲಿ ಕೂರಿಸಿ ಬೀದಿಗಳಲ್ಲಿ ಮೆರವಣಿಗೆ ಮಾಡಿದರು. ಮೂಗು ಕಿವಿಗಳೆರಡನ್ನೂ ಕತ್ತರಿಸಬೇಕೆಂಬುದು ಮೂಲ ಆಜ್ಞೆಯಾಗಿತ್ತು. ಕರುಣೆಯುಳ್ಳ ಅಧಿಕಾರಿಯೊಬ್ಬನು ಅದನ್ನು ಇಷ್ಟಕ್ಕೆ ಇಳಿಸಿದನು.

ಅಲ್ಲಿಂದ ನಾಗಸಾಕಿಯವರೆಗೆ ಸುಮಾರು ೮೦೦ ಕಿಲೋಮೀಟರು. ನಟ್ಟ ನಡುವಿನ ಚಳಿಗಾಲ, ಹಿಮ ಬೀಳುವ ದಾರಿ. ಸುಮಾರು ಒಂದು ತಿಂಗಳು ಸಾಗಿದ ಈ ಯಾತ್ರೆಯಲ್ಲಿ ಕೈದಿಗಳಿಗೆ ಉಪಚಾರ ಮಾಡುತ್ತಾ ಹಿಂಬಾಲಿಸಿದ್ದ ಇಬ್ಬರನ್ನೂ ಕಾವಲುಗಾರರು ಸೇರಿಸಿಕೊಂಡುಬಿಟ್ಟರು. ಹೀಗೆ ಸಂಖ್ಯೆ ೨೬ ಆಯಿತು. ಈ ದೇಶದ ಬಂದರಿಗೆ ಬಾಲಕನಾಗಿ ಬಂದು ಇಳಿದಿದ್ದ ಗೊನ್ಸಾಲೊ, ವ್ಯಾಪಾರಿಯಾಗಿ ರೇಷ್ಮೆಯ ಬೆಲೆ ಕಟ್ಟಿದ್ದ ಗೊನ್ಸಾಲೊ, ಈಗ ಅದೇ ನಾಡಿನ ಹಾದಿಯನ್ನು ಕಟ್ಟಿದ ಕೈಗಳೊಡನೆ ತುಳಿದರು. ದಾರಿಯ ಜನರು ಕೇಳುವುದನ್ನೂ ಕಾವಲುಗಾರರು ಗೊಣಗುವುದನ್ನೂ ಪರದೇಶಿ ಗುರುಗಳಿಗೆ ತಿಳಿಯಹೇಳುವ ಶಕ್ತಿ ಇಲ್ಲಿಯೂ ಅವರಿಗಿತ್ತು.

ಫೆಬ್ರುವರಿ ೫, ಬುಧವಾರ. ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ ೨೬ ಶಿಲುಬೆಗಳು ಸಾಲಾಗಿ ಸಿದ್ಧವಾಗಿದ್ದವು. ಜಪಾನಿನ ಪದ್ಧತಿಯಂತೆ ಕಬ್ಬಿಣದ ಬಳೆಗಳಿಂದಲೂ ಹಗ್ಗಗಳಿಂದಲೂ ಅವರನ್ನು ಬಿಗಿದು ಶಿಲುಬೆಗಳನ್ನೆತ್ತಿ ನಿಲ್ಲಿಸಿದರು. ಮೊದಲು ಶಿಲುಬೆಗೇರಿದವರು ಸಹೋದರ ಗೊನ್ಸಾಲೊ ಎಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಪೌಲ್ ಮಿಕಿಯವರು ಶಿಲುಬೆಯಿಂದಲೇ ಜನರಿಗೆ ಬೋಧಿಸಿದರು, ತಮ್ಮನ್ನು ಕೊಲ್ಲುವವರನ್ನು ಕ್ಷಮಿಸಿದರು. ಬಾಲಕರು ಕೀರ್ತನೆ ಹಾಡಿದರು. ಬಳಿಕ ಇಬ್ಬಿಬ್ಬರು ಸೈನಿಕರು ಎರಡು ಪಕ್ಕಗಳಿಂದ ಈಟಿಗಳಿಂದ ತಿವಿದು ಒಬ್ಬೊಬ್ಬರನ್ನಾಗಿ ಮುಗಿಸಿದರು. ಗೊನ್ಸಾಲೊರವರಿಗೆ ಆಗ ಸುಮಾರು ನಾಲ್ವತ್ತು ವರ್ಷ. ಯಾವ ಸಭೆ ಅವರನ್ನು ಸೇರಿಸಿಕೊಳ್ಳಲಿಲ್ಲವೋ ಆ ಸಭೆಯ ಮೂವರೂ, ಯಾವ ಸಭೆ ಸೇರಿಸಿಕೊಂಡಿತೋ ಅದರ ಐವರೂ ಒಂದೇ ಸಾಲಿನಲ್ಲಿ ಅವರ ಜೊತೆಗಿದ್ದರು.

ಮರುವರ್ಷವೇ ಹಿದೆಯೋಶಿ ತೀರಿಕೊಂಡನು. ೧೬೦೩ರಲ್ಲಿ ಅಧಿಕಾರ ತೋಕುಗಾವಾ ವಂಶಕ್ಕೆ ಹೋಯಿತು. ೧೬೧೪ರಲ್ಲಿ ಕ್ರೈಸ್ತಧರ್ಮ ಇಡೀ ದೇಶದಲ್ಲಿ ನಿಷಿದ್ಧವಾಯಿತು. ೧೬೩೯ರ ಹೊತ್ತಿಗೆ ಪೋರ್ತುಗೀಸರ ಹಡಗುಗಳಿಗೂ ಬಾಗಿಲು ಮುಚ್ಚಿತು. ಎರಡು ಶತಮಾನಗಳಿಗೂ ಮಿಕ್ಕಿ ಸಮುರಾಯಿಗಳ ಆ ರಾಜ್ಯ ಹೊರಜಗತ್ತಿಗೆ ಬೆನ್ನು ತಿರುಗಿಸಿ ಕುಳಿತಿತು. ಇತ್ತ ೧೬೨೭ರಲ್ಲಿ ಜಗದ್ಗುರು ಎಂಟನೆಯ ಅರ್ಬನರು ನಾಗಸಾಕಿಯ ರಕ್ತಸಾಕ್ಷಿಗಳನ್ನು ಪುನೀತರೆಂದು ಘೋಷಿಸಿದರು. ವಸಯಿಯ ಕೋಟೆಯನ್ನು ೧೭೩೯ರಲ್ಲಿ ಚಿಮಾಜಿ ಅಪ್ಪಾ ಅವರ ಮರಾಠಾ ಸೈನ್ಯ ಗೆದ್ದುಕೊಂಡಿತು. ಅಲ್ಲಿಯ ಫ್ರಾನ್ಸಿಸ್ಕನ್ ಮಠ ಹಾಳುಬಿದ್ದಿತು. ೧೮೬೨ರ ಜೂನ್ ೮ರಂದು ಜಗದ್ಗುರು ಒಂಬತ್ತನೆಯ ಪಿಯುಸರು ೨೬ ಮಂದಿಯನ್ನೂ ಸಂತಪದವಿಗೇರಿಸಿದರು. ಇಂದು ವಸಯಿಯ ಗಾಸ್ ಗ್ರಾಮದ ದೇವಾಲಯಕ್ಕೂ ಆ ಊರಿನ ಕಾಲೇಜಿಗೂ ಸಂತ ಗೊನ್ಸಾಲೊರವರ ಹೆಸರಿದೆ.

ಇನ್ನೊಂದು ಸಂಗತಿಯನ್ನು ಹೇಳಿ ಈ ಬರಹವನ್ನು ಮುಗಿಸುತ್ತೇವೆ. ಜಪಾನಿನ ಬಾಗಿಲು ಮತ್ತೆ ತೆರೆದಾಗ ಫ್ರೆಂಚ್ ಗುರುಗಳು ನಾಗಸಾಕಿಯ ಓರಾ ಎಂಬಲ್ಲಿ, ಪರದೇಶಿ ವರ್ತಕರಿಗೆಂದು, ಈ ೨೬ ರಕ್ತಸಾಕ್ಷಿಗಳ ಹೆಸರಿನಲ್ಲಿ ಒಂದು ದೇವಾಲಯ ಕಟ್ಟಿದರು. ಅದರ ಮುಖ ನಿಶಿಜಾಕಾ ಗುಡ್ಡದ ಕಡೆಗೆ. ಜಪಾನೀಯರಲ್ಲಿ ಒಬ್ಬ ಕ್ರೈಸ್ತನೂ ಉಳಿದಿರಲಾರನೆಂದು ಎಲ್ಲರೂ ನಂಬಿದ್ದರು. ೧೮೬೫ರ ಮಾರ್ಚ್ ೧೭ರಂದು ಉರಕಾಮಿ ಹಳ್ಳಿಯ ಹದಿನೈದರಷ್ಟು ಜನ, ಹೆಂಗಸರು ಗಂಡಸರು, ಆ ದೇವಾಲಯದ ಬಾಗಿಲಿಗೆ ಬಂದು ನಿಂತರು. ಒಬ್ಬ ಹೆಂಗಸು ಗುರು ಪೆತಿಜಾನರ ಹತ್ತಿರ ಬಂದು, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಮೆಲ್ಲನೆ ತಿಳಿಸಿದಳು. ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ತಂದೆಯಿಂದ ಮಗನಿಗೆ ಜ್ಞಾನಸ್ನಾನವನ್ನೂ ಜಪಗಳನ್ನೂ ದಾಟಿಸುತ್ತ ಏಳು ತಲೆಮಾರು ಅಡಗಿ ಬಾಳಿದ ಜನ ಅವರು. ಮರಿಯಮ್ಮನವರ ಸ್ವರೂಪ ಎಲ್ಲಿದೆಯೆಂದು ಆಕೆ ವಿಚಾರಿಸಿದಳು. ಗುರುಗಳು ಅವರನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು.